ಒಂದು ಜೇಡಕ್ಕೆ ಹೆಸರಿಡಲು ಎಷ್ಟು ಖರ್ಚು? ಸೂಪಾ ಸೀಮೆಯಿಂದ ಒಂದು ಲೆಕ್ಕ

ಜಗತ್ತಿನ ಜೇಡಗಳ ಪಟ್ಟಿಗೆ ಸೂಪಾ ಸೀಮೆಯ ಜೋಯಿಡಾ ತಾಲ್ಲೂಕಿನ ಹೆಸರು ಸೇರಿದ್ದು 2013ರಲ್ಲಿ. ಗುಪ್ತಾ, ದಾಸ್ ಮತ್ತು ಸಿಲಿವಾಲ್ ಎಂಬ ಮೂವರು ಸಂಶೋಧಕರು ಉತ್ತರ ಕನ್ನಡದ ಘಟ್ಟದ ಜೇಡವೊಂದನ್ನು ವಿವರಿಸಿ, ಅದಕ್ಕೆ ‘ಇಡಿಯಾಪ್ಸ್ ಜೋಯಿಡಾ’ ಎಂದು ಹೆಸರಿಟ್ಟರು. ಮಣ್ಣಿನಲ್ಲಿ ಬಿಲ ತೋಡಿ, ಬಿಲದ ಬಾಯಿಗೆ ಮುಚ್ಚಳ ಕಟ್ಟಿಕೊಂಡು ಬದುಕುವ ಜಾತಿ ಇದು. ಅದರ ಹಿಂದಿನ ವರ್ಷ, 2012ರಲ್ಲಿ, ಸಿಲಿವಾಲ್, ಗುಪ್ತಾ ಮತ್ತು ರೇವನ್ ಸೇರಿ ಪಶ್ಚಿಮ ಘಟ್ಟದ ದಪ್ಪ ಮೈಯ, ರೋಮದ ಜೇಡಗಳಿಗಾಗಿ ಒಂದು ಹೊಸ ಕುಲವನ್ನೇ ಕಟ್ಟಿದ್ದರು. ಅದರ ಹೆಸರು ನಿಯೋಹೆಟೆರೊಫ್ರಿಕ್ಟಸ್. ಆ ಕುಲದಲ್ಲಿ ಅವರು ಹೊಸದಾಗಿ ವಿವರಿಸಿದ ಮೂರು ಪ್ರಭೇದಗಳ ಪೈಕಿ ಒಂದಕ್ಕೆ ‘ಸಹ್ಯಾದ್ರಿ’, ಇನ್ನೊಂದಕ್ಕೆ ‘ಉತ್ತರಕನ್ನಡ’ ಎಂಬ ಹೆಸರು ಬಂತು.

ಎರಡು ವರ್ಷ, ಒಂದು ಹೊಸ ಕುಲ, ನಾಲ್ಕು ಹೊಸ ಪ್ರಭೇದ. ಪತ್ರಿಕೆಯಲ್ಲಿ ಇದು ನಾಲ್ಕು ಸಾಲಿನ ಸುದ್ದಿ. ಆದರೆ ಆ ನಾಲ್ಕು ಹೆಸರುಗಳ ಹಿಂದೆ ಎಷ್ಟು ಅಳತೆ, ಎಷ್ಟು ವರ್ಷ, ಎಷ್ಟು ಹಣ ಇದೆ ಎಂದು ಲೆಕ್ಕ ಹಾಕಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಕಾಡಿನಲ್ಲಿ ಜೀವಿಯನ್ನು ಕಾಣುವುದು ಕೆಲಸದ ಸಣ್ಣ ಪಾಲು. ಅದನ್ನು ವಿವರಿಸಿ, ವರ್ಗೀಕರಿಸಿ, ಲೆಕ್ಕದ ಪುಸ್ತಕಕ್ಕೆ ಸೇರಿಸುವುದೇ ದೊಡ್ಡ ಪಾಲು. ಆ ದೊಡ್ಡ ಪಾಲಿಗೇ ನಾವು ಹಣವನ್ನೂ ಜನರನ್ನೂ ಕಡಿಮೆ ಕೊಡುತ್ತಿದ್ದೇವೆ.

ಪಟ್ಟಿ ಎಷ್ಟು ಉದ್ದ

ಜೇಡಗಳಿಗೆ ವೈಜ್ಞಾನಿಕ ಹೆಸರಿಡುವ ಕೆಲಸ ಶುರುವಾದದ್ದು 1757ರಲ್ಲಿ, ಸ್ವೀಡನ್ನಿನ ಕಾರ್ಲ್ ಕ್ಲರ್ಕ್ ಬರೆದ ಪುಸ್ತಕದಿಂದ. ಉಳಿದೆಲ್ಲ ಪ್ರಾಣಿಗಳ ಹೆಸರಿಗೆ 1758ರ ಲಿನಿಯಸ್ ಗ್ರಂಥವೇ ಮೊದಲ ಗೆರೆ. ಆ ಗೆರೆಗಿಂತ ಹಿಂದಿನದಾದರೂ ಮಾನ್ಯತೆ ಪಡೆದ ಕೃತಿ ಕ್ಲರ್ಕನದು. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ವಸ್ತುಸಂಗ್ರಹಾಲಯ ನಡೆಸುವ ವಿಶ್ವ ಜೇಡ ಪಟ್ಟಿ 2022ರಲ್ಲಿ 50,000ನೇ ಪ್ರಭೇದವನ್ನು ದಾಖಲಿಸಿತು. 265 ವರ್ಷಕ್ಕೆ 50,000 ಎಂದರೆ ವರ್ಷಕ್ಕೆ ಸರಾಸರಿ 189. ಇನ್ನೂ ಸುಮಾರು ಅಷ್ಟೇ ಸಂಖ್ಯೆಯ ಜೇಡಗಳು ಹೆಸರಿಲ್ಲದೆ ಉಳಿದಿವೆ ಎಂಬುದು ಆ ಪಟ್ಟಿಯವರ ಅಂದಾಜು.

ಭಾರತದ ಜೇಡಗಳ ಪಟ್ಟಿ 2012ರಲ್ಲಿ ಪರಿಷ್ಕೃತವಾದಾಗ ಸಿಕ್ಕ ಲೆಕ್ಕ ಹೀಗಿತ್ತು: 60 ಕುಟುಂಬ, 438 ಕುಲ, 1,686 ಪ್ರಭೇದ.

ನಮ್ಮ ಜಿಲ್ಲೆಯ ಜೇಡಗಳು ಲಂಡನ್ನಿನ ಕಪಾಟು ಸೇರಿದ ಚರಿತ್ರೆಯೂ ಹಳೆಯದು. 1899ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ರೆಜಿನಾಲ್ಡ್ ಪೊಕಾಕ್ ‘ಥ್ರಿಗ್ಮೊಪೀಯಸ್’ ಎಂಬ ಕುಲವನ್ನು ಸ್ಥಾಪಿಸಿದ್ದು ಆಗಿನ ಉತ್ತರ ಕೆನರಾದಿಂದ ಹೋದ ಬಿಲದ ಜೇಡಗಳ ಆಧಾರದ ಮೇಲೆ. ಮರುವರ್ಷವೇ ಅವರ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಸರಣಿಯ ಜೇಡ-ಚೇಳುಗಳ ಸಂಪುಟ ಹೊರಬಂತು. ಥ್ರಿಗ್ಮೊಪೀಯಸ್‌ನಿಂದ ಇಡಿಯಾಪ್ಸ್ ಜೋಯಿಡಾವರೆಗಿನ ಅಂತರ 114 ವರ್ಷ. ಜೀವಿ ಘಟ್ಟದ್ದು, ಮಾದರಿಯೂ ಹೆಸರೂ ಹೊರದೇಶದ್ದು ಎಂಬ ಸ್ಥಿತಿಯಿಂದ, ನಮ್ಮ ದೇಶದ ಸಂಶೋಧಕರೇ ಹುಡುಕಿ, ಅಳೆದು, ತಾಲ್ಲೂಕಿನ ಹೆಸರನ್ನೇ ಇಡುವ ಸ್ಥಿತಿಗೆ ಬರಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು.

ಜೋಯಿಡಾ ತಾಲ್ಲೂಕಿಗೆ ಇಂಥ ಗೌರವ ಇದೊಂದೇ ಅಲ್ಲ. 2005ರಲ್ಲಿ ಇಂದ್ರನೀಲ್ ದಾಸ್ ಮತ್ತು ಕೃಷ್ಣಮೇಘ ಕುಂಟೆ ಇದೇ ತಾಲ್ಲೂಕಿನ ಕ್ಯಾಸಲ್‌ರಾಕ್‌ನಿಂದ ‘ನಿಕ್ಟಿಬಟ್ರಾಕಸ್ ಪೆಟ್ರಿಯಸ್’ ಎಂಬ ಇರುಳು ಕಪ್ಪೆಯನ್ನು ವಿವರಿಸಿದರು. 2011ರ ಜನಗಣತಿಯಲ್ಲಿ ಸುಮಾರು 52 ಸಾವಿರ ಜನರಷ್ಟೇ ಇದ್ದ ತಾಲ್ಲೂಕಿಗೆ ಇದು ಸಣ್ಣ ಸಂಗತಿಯಲ್ಲ.

ಮುಚ್ಚಳದ ಹಿಂದೆ ಏನಿದೆ

ಮುಚ್ಚಳದ ಜೇಡವನ್ನು ಹುಡುಕುವುದೇ ಒಂದು ಕಸುಬು. ಇಡಿಯಾಪ್ಸ್ ಕುಲದ ಜೇಡ ರಸ್ತೆ ಬದಿಯ ಧರೆ, ಹಳ್ಳದ ದಂಡೆ, ಮರದ ಬುಡದ ಗಟ್ಟಿ ಮಣ್ಣು, ಇಂಥ ಜಾಗದಲ್ಲಿ ಬಿಲ ತೋಡುತ್ತದೆ. ಬಿಲದ ಒಳಗೋಡೆಗೆ ರೇಷ್ಮೆ ನೂಲಿನ ಅಸ್ತರಿ. ಬಾಯಿಗೆ ಮಣ್ಣು ಮತ್ತು ನೂಲಿನಿಂದ ಕಟ್ಟಿದ ದುಂಡು ಮುಚ್ಚಳ, ಒಂದು ಬದಿಗೆ ನೂಲಿನದೇ ತಿರುಗಣಿ. ಮುಚ್ಚಳದ ಮೇಲೆ ಸುತ್ತಲಿನ ಮಣ್ಣು, ಹಾವಸೆ ಹತ್ತಿಕೊಂಡಿರುತ್ತದೆ. ಧರೆಯ ಎದುರು ಒಂದು ಗೇಣು ದೂರದಲ್ಲಿ ಮುಖವಿಟ್ಟು ನೋಡಿದರೂ ಕಾಣುವುದು ಕೂದಲೆಳೆಯಷ್ಟು ತೆಳುವಾದ ಅರ್ಧಚಂದ್ರದ ಗೆರೆ ಮಾತ್ರ. ಸೂಜಿಯಿಂದ ಆ ಗೆರೆಯನ್ನು ಎತ್ತಲು ಹೋದರೆ ಒಳಗಿನಿಂದ ಜೇಡ ಮುಚ್ಚಳವನ್ನು ಕಚ್ಚಿ ಹಿಡಿದು ಎಳೆಯುತ್ತದೆ.

ಹೆಣ್ಣು ಜೇಡ ಬಹುತೇಕ ಇಡೀ ಆಯುಸ್ಸನ್ನು ಅದೇ ಬಿಲದಲ್ಲಿ ಕಳೆಯುತ್ತದೆ. ಗಂಡು ಪ್ರಾಯಕ್ಕೆ ಬಂದ ಮೇಲೆ ಹೆಣ್ಣನ್ನು ಹುಡುಕಿ ಹೊರಗೆ ಅಲೆಯುತ್ತದೆ, ಹೆಚ್ಚು ಕಾಲ ಬದುಕುವುದಿಲ್ಲ. ಇಡಿಯಾಪ್ಸ್ ಸೇರಿದ ಇಡಿಯೊಪಿಡೇ ಕುಟುಂಬದ ಒಂದು ಜೇಡದ ದಾಖಲೆ ಇಲ್ಲಿ ನೆನಪಿಡುವಂಥದ್ದು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬಾರ್ಬರಾ ಯಾರ್ಕ್ ಮೇನ್ 1974ರಲ್ಲಿ ಗುರುತು ಹಾಕಿದ್ದ ‘ಗಯಸ್ ವಿಲ್ಲೋಸಸ್’ ಜಾತಿಯ 16ನೇ ನಂಬರಿನ ಹೆಣ್ಣು ಜೇಡ 43 ವರ್ಷ ಬದುಕಿ 2016ರಲ್ಲಿ ಸತ್ತಿತು. ಜಗತ್ತಿನಲ್ಲಿ ದಾಖಲಾದ ಅತಿ ಹೆಚ್ಚು ವಯಸ್ಸಿನ ಜೇಡ ಅದು. ಘಟ್ಟದ ಇಡಿಯಾಪ್ಸ್‌ಗೆ ಅಷ್ಟೇ ಆಯುಸ್ಸು ಎಂದು ಹೇಳಲಾಗದು. ಆದರೆ ಜಾಗ ಬಿಡದೆ, ನಿಧಾನವಾಗಿ ಬೆಳೆಯುವ ಕುಟುಂಬ ಇದು ಎಂಬುದಂತೂ ಖಚಿತ. ಒಂದು ಧರೆಯನ್ನು ಜೆಸಿಬಿ ಕೆರೆದು ಹಾಕಿದರೆ, ಆ ಧರೆಯ ಹೆಣ್ಣು ಜೇಡಗಳಿಗೆ ಬೇರೆ ಕಡೆ ಹೋಗಿ ಬಿಲ ಕಟ್ಟುವ ಅವಕಾಶ ತೀರಾ ಕಡಿಮೆ.

ಒಂದು ಮಾದರಿಗೆ ಎಷ್ಟು ಅಳತೆ

ಸಿಕ್ಕಿದ ಜೇಡ ಹೊಸದೋ ಹಳೆಯದೋ ಎಂದು ತೀರ್ಮಾನವಾಗುವುದು ಸೂಕ್ಷ್ಮದರ್ಶಕದ ಕೆಳಗೆ. ಜೇಡದ ಕಾಲಿನಲ್ಲಿ ಏಳು ಗೆಣ್ಣು. ವಿವರಣೆಯ ಕೋಷ್ಟಕದಲ್ಲಿ ಸಾಮಾನ್ಯವಾಗಿ ಬರುವ ಗೆಣ್ಣುಗಳು ಐದು. ನಾಲ್ಕು ಕಾಲಿಗೆ ಐದರಂತೆ 20, ಬಾಯಿಯ ಪಕ್ಕದ ಸ್ಪರ್ಶಾಂಗದಲ್ಲಿ ಒಂದು ಗೆಣ್ಣು ಕಡಿಮೆ ಇರುವುದರಿಂದ ಅದಕ್ಕೆ 4. ಒಂದು ಬದಿಯ ಕಾಲುಗಳ ಉದ್ದಕ್ಕೇ 24 ಅಂಕಿ. ಇದರ ಮೇಲೆ ಬೆನ್ನು ಚಿಪ್ಪಿನ ಉದ್ದ-ಅಗಲ, ಹೊಟ್ಟೆಯ ಉದ್ದ-ಅಗಲ, ಎದೆ ಫಲಕ, ಎಂಟು ಕಣ್ಣುಗಳ ವ್ಯಾಸ, ಕಣ್ಣಿನಿಂದ ಕಣ್ಣಿಗಿರುವ ಅಂತರ. ಇವುಗಳಲ್ಲಿ ಹಲವನ್ನು ಮಿಲಿಮೀಟರಿನ ನೂರನೇ ಒಂದು ಭಾಗದವರೆಗೆ ಬರೆಯುತ್ತಾರೆ. ಆಮೇಲೆ ಎಣಿಕೆ: ಪ್ರತಿ ಕಾಲಿನ ಮುಳ್ಳು ಎಷ್ಟು, ಕೋರೆಯ ಅಂಚಿನ ಹಲ್ಲು ಎಷ್ಟು, ಬಾಯಿಯ ಬಳಿಯ ಸಣ್ಣ ಗುಬಟುಗಳು ಎಷ್ಟು.

ನಾಲ್ಕು ಹೊಸ ಪ್ರಭೇದಗಳಿಗೆ ತಲಾ ಒಂದೇ ಮಾದರಿ ಅಳೆದರೂ ಕಾಲಿನ ಅಳತೆ ಮಾತ್ರ 96 ಆಗುತ್ತದೆ. ಇನ್ನೂ ಹೆಚ್ಚು ಮಾದರಿಗಳಿದ್ದರೆ ಅಷ್ಟಷ್ಟೇ ಗುಣಿಸಿಕೊಳ್ಳಬೇಕು.

ಇಡಿಯಾಪ್ಸ್ ಕುಲವನ್ನು ಗುರುತಿಸಲು ಕಣ್ಣುಗಳ ಜೋಡಣೆಯೇ ಮೊದಲ ಸುಳಿವು. ಎಂಟರಲ್ಲಿ ಎರಡು ಕಣ್ಣು ಉಳಿದ ಆರನ್ನು ಹಿಂದೆ ಬಿಟ್ಟು ತಲೆಯ ಮುಂಚೂಣಿಯ ಅಂಚಿಗೇ ಬಂದು ಕೂತಿರುತ್ತವೆ. ಕೋರೆಯ ಬುಡದಲ್ಲಿ ಮಣ್ಣು ಕೆರೆಯುವ ಗಟ್ಟಿ ಮುಳ್ಳುಗಳ ಸಾಲು ಇರುತ್ತದೆ. ಇದೇ ಕುಟುಂಬದ ಹೆಲಿಗ್ಮೊಮೆರಸ್ ಕುಲದಲ್ಲಿ ಮೂರನೇ ಕಾಲಿನ ಒಂದು ಗೆಣ್ಣಿನ ಬುಡ ತಗ್ಗಾಗಿ, ರೋಮವಿಲ್ಲದೆ ನುಣುಪಾಗಿರುತ್ತದೆ. ಇಡಿಯಾಪ್ಸ್‌ನಲ್ಲಿ ಆ ತಗ್ಗು ಇಲ್ಲ. ಕೆಲವು ಮಿಲಿಮೀಟರ್ ಉದ್ದದ ಗೆಣ್ಣಿನ ಮೇಲಿನ ಒಂದು ತಗ್ಗು ಒಂದು ಜೇಡ ಯಾವ ಕುಲಕ್ಕೆ ಸೇರಬೇಕು ಎಂಬುದನ್ನು ನಿರ್ಧರಿಸುತ್ತದೆ.

ಕುಲ ಗೊತ್ತಾದ ಮೇಲೆ ಪ್ರಭೇದದ ಪ್ರಶ್ನೆ. ಹೆಣ್ಣಿನ ದೇಹದೊಳಗಿನ ವೀರ್ಯಚೀಲವನ್ನು ಬಿಡಿಸಿ ತೆಗೆದು ಅದರ ಆಕಾರವನ್ನು ಚಿತ್ರಿಸಬೇಕು. ಗಂಡಾದರೆ ಸ್ಪರ್ಶಾಂಗದ ತುದಿಯ ಬುರುಡೆಯ ಆಕಾರ ನೋಡಬೇಕು. ಆಮೇಲೆ ಹಳೆಯ ಪ್ರಭೇದಗಳ ಜೊತೆ ಒಂದೊಂದಾಗಿ ಹೋಲಿಕೆ. ಇಡಿಯಾಪ್ಸ್ ಕುಲವನ್ನು 1833ರಲ್ಲಿ ಪರ್ಟಿ ಸ್ಥಾಪಿಸಿದ್ದು ಬ್ರೆಜಿಲ್ಲಿನ ಜೇಡದ ಮೇಲೆ. ಇಂದು ಅದರಲ್ಲಿ ತೊಂಬತ್ತರ ಆಸುಪಾಸು ಪ್ರಭೇದಗಳಿದ್ದು, ದಕ್ಷಿಣ ಅಮೆರಿಕ, ಆಫ್ರಿಕಾ, ಏಷ್ಯಾಗಳಲ್ಲಿ ಹರಡಿವೆ. ಕನಿಷ್ಠ ಭಾರತದ ಇಡಿಯಾಪ್ಸ್‌ಗಳಷ್ಟನ್ನಾದರೂ ಪಕ್ಕದಲ್ಲಿಟ್ಟು ನೋಡದೆ ‘ಇದು ಹೊಸದು’ ಎಂದು ಬರೆಯಲಾಗದು.

ಕುಲ ಕಟ್ಟುವುದು ಇನ್ನೂ ದೊಡ್ಡ ಕೆಲಸ

ಹೊಸ ಪ್ರಭೇದವೆಂದರೆ ಪಟ್ಟಿಗೆ ಒಂದು ಸಾಲು ಸೇರಿಸಿದಂತೆ. ಹೊಸ ಕುಲವೆಂದರೆ ಹಳೆಯ ಸಾಲುಗಳನ್ನೂ ಅಲುಗಾಡಿಸಬೇಕು. ನಿಯೋಹೆಟೆರೊಫ್ರಿಕ್ಟಸ್ ಕುಲದ ಇತಿಹಾಸವೇ ಇದಕ್ಕೆ ಸಾಕ್ಷಿ. 2012ರಲ್ಲಿ ಅದಕ್ಕೆ ಹೊಸದಾಗಿ ಬಂದವು ಮೂರು: ಕ್ರುರೊಫಲ್ವಸ್, ಸಹ್ಯಾದ್ರಿ, ಉತ್ತರಕನ್ನಡ. ಗ್ರೇವ್ಲಿ 1915ರಲ್ಲಿ ಮತ್ತು 1935ರಲ್ಲಿ ಬೇರೆ ಕುಲದ ಹೆಸರಿನಡಿ ವಿವರಿಸಿದ್ದ ಎರಡು ಜೇಡಗಳೂ ಈಗ ಇದೇ ಕುಲದಲ್ಲಿವೆ. 2014ರಲ್ಲಿ ಅಂಬೋಲಿ ಮತ್ತು ಸ್ಮಿತಿ, 2020ರಲ್ಲಿ ಚಿಮ್ಮಿನಿಯೆನ್ಸಿಸ್ ಸೇರಿ ಒಟ್ಟು ಎಂಟಾಯಿತು. ಎಂಟೂ ಭಾರತದವು.

ಹೀಗೆ ಹಳೆಯ ಜೇಡವನ್ನು ಕುಲದಿಂದ ಕುಲಕ್ಕೆ ಸಾಗಿಸಬೇಕಾದರೆ ನೂರು ವರ್ಷದ ಹಿಂದೆ ಮದ್ಯಸಾರದ ಬಾಟಲಿಗೆ ಹಾಕಿಟ್ಟ ಮೂಲ ಮಾದರಿಯನ್ನು ಮತ್ತೆ ತೆರೆದು ನೋಡಬೇಕು. ಆ ಬಾಟಲಿ ಕೋಲ್ಕತ್ತದಲ್ಲಿರಬಹುದು, ಲಂಡನ್ನಿನಲ್ಲಿರಬಹುದು. ವರ್ಗೀಕರಣದ ಖರ್ಚಿನಲ್ಲಿ ಜನರ ಕಣ್ಣಿಗೆ ಬೀಳದ ಬಾಬ್ತು ಇದು. ಬಾಟಲಿಯಲ್ಲಿ ಮದ್ಯಸಾರ ಆರದಂತೆ ನೂರು ವರ್ಷ ತುಂಬುತ್ತಾ ಬಂದವರ ಸಂಬಳವೂ ಈ ಲೆಕ್ಕಕ್ಕೇ ಸೇರಬೇಕು.

ಕಾಳಿ ಕಡಲು ಸೇರುವಲ್ಲಿ

ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟುವ ಕಾಳಿ 184 ಕಿ.ಮೀ. ಹರಿದು ಕಾರವಾರದಲ್ಲಿ ಸಮುದ್ರ ಸೇರುತ್ತದೆ. ಅಲ್ಲಿಂದಾಚೆ ಇನ್ನೊಂದು ಜೇಡದ ಲೋಕ. ಸಮುದ್ರ ಜೇಡ ಎಂದು ಕರೆದರೂ ಅದು ನಿಜವಾದ ಜೇಡವಲ್ಲ. ಪಿಕ್ನೊಗೊನಿಡಾ ಎಂಬ ಪ್ರತ್ಯೇಕ ವರ್ಗ. ಜಗತ್ತಿನಲ್ಲಿ ಈವರೆಗೆ ವಿವರಿಸಿರುವುದು ಸುಮಾರು 1,300 ಪ್ರಭೇದ. ಕಾಲು ಚಾಚಿದರೆ ಕೆಲವು ಒಂದೆರಡು ಮಿಲಿಮೀಟರ್, ಅಂಟಾರ್ಕ್ಟಿಕಾದ ಆಳದ ಕೆಲವು ಸುಮಾರು 70 ಸೆಂಟಿಮೀಟರ್. ಕಾಲಿಗೆ ಎಂಟು ಗೆಣ್ಣು, ತುದಿಗೊಂದು ಉಗುರು. ಮೈ ಎಷ್ಟು ಸಣಕಲೆಂದರೆ ಕರುಳಿನ ಕವಲುಗಳು ಕಾಲಿನೊಳಗೂ ಇಳಿದಿರುತ್ತವೆ. ಮೊಟ್ಟೆಯನ್ನು ಹೊತ್ತು ತಿರುಗುವುದು ಗಂಡು. ಭಾರತದ ಸುತ್ತಲಿನ ಸಮುದ್ರ ಜೇಡಗಳನ್ನು ಕುರಿತು ಕಾಲ್ಮನ್ 1923ರಲ್ಲಿ ಇಂಡಿಯನ್ ಮ್ಯೂಸಿಯಮ್ಮಿನ ಸಂಗ್ರಹ ಆಧರಿಸಿ ಬರೆದ ಲೇಖನವನ್ನು ಇವತ್ತಿಗೂ ತೆರೆಯಬೇಕಾಗುತ್ತದೆ.

2025ರ ಜೂನ್‌ನಲ್ಲಿ ಅಮೆರಿಕದ ವಿಜ್ಞಾನಿಗಳು ಪೆಸಿಫಿಕ್ ತಳದಲ್ಲಿ ಮೀಥೇನ್ ಉಕ್ಕುವ ಜಾಗಗಳಿಂದ ‘ಸೆರಿಕೊಸುರಾ’ ಕುಲದ ಮೂರು ಹೊಸ ಸಮುದ್ರ ಜೇಡಗಳನ್ನು ವರದಿ ಮಾಡಿದರು. ಸುಮಾರು ಒಂದು ಸೆಂಟಿಮೀಟರಿನ ಈ ಜೀವಿಗಳ ಮೈಮೇಲೆ ಮೀಥೇನ್ ತಿನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತವೆ, ಜೇಡ ಅವನ್ನೇ ಮೇಯುತ್ತದೆ. ಜಗತ್ತೆಲ್ಲ ಸುದ್ದಿಯಾದ ಆ ದಿನ ಅವುಗಳಿಗೆ ವಿಧಿವತ್ತಾದ ಹೆಸರು ಇನ್ನೂ ಬಂದಿರಲಿಲ್ಲ. ಸಬ್‌ಮರ್ಸಿಬಲ್ ಇಳಿಸುವಷ್ಟು ಹಣವಿದ್ದಲ್ಲಿಯೂ ಕಾಣುವುದು ಮೊದಲು, ಹೆಸರು ಆಮೇಲೆ.

ಎಷ್ಟು ಆಮೇಲೆ ಎಂಬುದಕ್ಕೂ ಲೆಕ್ಕವಿದೆ. 2007ರಲ್ಲಿ ಹೆಸರು ಪಡೆದ ಜೀವಿಗಳಲ್ಲಿ 600 ಪ್ರಭೇದಗಳನ್ನು ಆಯ್ದು ಫ್ರಾನ್ಸಿನ ಸಂಶೋಧಕರು 2012ರಲ್ಲಿ ಪರಿಶೀಲಿಸಿದರು. ಮೊದಲ ಮಾದರಿ ಕೈಗೆ ಸಿಕ್ಕ ದಿನದಿಂದ ಹೆಸರು ಅಚ್ಚಾಗುವ ದಿನದವರೆಗೆ ಸರಾಸರಿ 21 ವರ್ಷ ಕಳೆದಿತ್ತು. ಕಾಲೇಜು ಹುಡುಗಿಯೊಬ್ಬಳು ಇಪ್ಪತ್ತನೇ ವಯಸ್ಸಿಗೆ ಹಿಡಿದ ಹುಳಕ್ಕೆ, ಅವಳು ನಲವತ್ತು ದಾಟಿದ ಮೇಲೆ ಹೆಸರು.

ಹಣದ ಲೆಕ್ಕ

ಬ್ರೆಜಿಲ್ಲಿನ ಕಾರ್ಬಾಯೊ ಮತ್ತು ಮಾರ್ಕೆಸ್ 2011ರಲ್ಲಿ ತಮ್ಮ ದೇಶದ ಪ್ರಾಣಿ ವರ್ಗೀಕರಣ ತಜ್ಞರ ತರಬೇತಿ, ಸಂಬಳ, ಸಂಶೋಧನಾ ಅನುದಾನಗಳನ್ನು ಕೂಡಿಸಿ ಲೆಕ್ಕ ತೆಗೆದರು. ಒಂದು ಪ್ರಭೇದವನ್ನು ವಿವರಿಸಲು ತಗಲುವ ಸರಾಸರಿ ಖರ್ಚು 48,500 ಡಾಲರ್. ಒಬ್ಬ ತಜ್ಞ ಇಡೀ ವೃತ್ತಿಜೀವನದಲ್ಲಿ ವಿವರಿಸುವ ಪ್ರಭೇದಗಳ ಸರಾಸರಿ 24.8.

ಅದೇ ವರ್ಷ ಕ್ಯಾಮಿಲೊ ಮೋರಾ ಮತ್ತು ಸಂಗಡಿಗರು ಭೂಮಿಯ ಮೇಲೆ ಸುಮಾರು 87 ಲಕ್ಷ ಪ್ರಭೇದಗಳಿವೆ ಎಂದು ಅಂದಾಜಿಸಿದರು. ಪಟ್ಟಿ ಸೇರಿರುವುದು ಸುಮಾರು 12 ಲಕ್ಷ. ವರ್ಷಕ್ಕೆ 6,200ರಂತೆ ಹೋದರೆ ಉಳಿದವಕ್ಕೆ 1,200 ವರ್ಷ, 3.03 ಲಕ್ಷ ತಜ್ಞರು, 364 ಶತಕೋಟಿ ಡಾಲರ್ ಬೇಕು ಎಂದರು.

ಈ ದರವನ್ನು ನಮ್ಮ ಅಂಗಳಕ್ಕೆ ತಂದು, ಡಾಲರಿಗೆ 85 ರೂಪಾಯಿ ಹಿಡಿದು ಕೂಡಿದರೆ ಹೀಗಾಗುತ್ತದೆ:

ಒಂದು ಪ್ರಭೇದಕ್ಕೆ: ಸುಮಾರು 41.2 ಲಕ್ಷ ರೂ.
2012–13ರ ನಾಲ್ಕು ಹೆಸರುಗಳಿಗೆ: ಸುಮಾರು 1.65 ಕೋಟಿ ರೂ.
ಒಬ್ಬ ತಜ್ಞನ ಇಡೀ ವೃತ್ತಿಜೀವನದ 24.8 ಪ್ರಭೇದಗಳಿಗೆ: ಸುಮಾರು 10.2 ಕೋಟಿ ರೂ.
2012ರ ಪಟ್ಟಿಯ 1,686 ಭಾರತೀಯ ಜೇಡಗಳಿಗೆ: ಸುಮಾರು 695 ಕೋಟಿ ರೂ., 68 ಜನರ ಪೂರ್ತಿ ವೃತ್ತಿಜೀವನ

ಬ್ರೆಜಿಲ್ಲಿನ ಸಂಬಳ ಬೇರೆ, ನಮ್ಮದು ಬೇರೆ. ಆದ್ದರಿಂದ ಇವನ್ನು ಸ್ಥೂಲ ಅಂದಾಜಾಗಿ ತೆಗೆದುಕೊಳ್ಳಬೇಕು. ಆದರೂ ಈ ಲೆಕ್ಕದೊಳಗಿನ ಒಂದು ಅನುಪಾತ ಎಲ್ಲ ಕಡೆಗೂ ಅನ್ವಯಿಸುತ್ತದೆ. ಖರ್ಚಿನ ಹೆಚ್ಚಿನ ಪಾಲು ಬಾಟಲಿಗಲ್ಲ, ಮದ್ಯಸಾರಕ್ಕಲ್ಲ, ಬಸ್ ಚಾರ್ಜಿಗೂ ಅಲ್ಲ. ಒಬ್ಬ ಮನುಷ್ಯ ಹತ್ತಾರು ವರ್ಷ ಒಂದೇ ಗುಂಪಿನ ಜೀವಿಗಳನ್ನು ನೋಡಿ ನೋಡಿ ಕಣ್ಣು ಪಳಗಿಸಿಕೊಳ್ಳುವುದಕ್ಕೆ. ಆ ಪಳಗಿದ ಕಣ್ಣನ್ನು ಮೂರು ವರ್ಷದ ಒಂದು ಪ್ರಾಜೆಕ್ಟಿನಲ್ಲಿ ಕೊಳ್ಳಲಾಗದು. ಪ್ರಾಜೆಕ್ಟ್ ಮುಗಿದು, ಫೆಲೋಶಿಪ್ ನಿಂತು, ಕಲಿತವರು ಬೇರೆ ನೌಕರಿ ಹಿಡಿದರೆ ಅಲ್ಲಿಯವರೆಗಿನ ಖರ್ಚೂ ವ್ಯರ್ಥವಾಗುತ್ತದೆ.

ಕಾನೂನು ಏನು ಹೇಳುತ್ತದೆ

ಹೆಸರು ಮಾನ್ಯವಾಗಬೇಕಾದರೆ ಪ್ರಾಣಿನಾಮಗಳ ಅಂತಾರಾಷ್ಟ್ರೀಯ ಸಂಹಿತೆಯ ಷರತ್ತುಗಳನ್ನು ಪೂರೈಸಬೇಕು. 2000ದಿಂದ ಜಾರಿಯಲ್ಲಿರುವ ಅದರ ನಾಲ್ಕನೇ ಆವೃತ್ತಿಯ ಪ್ರಕಾರ ಇದು ಹೊಸದು ಎಂದು ಸ್ಪಷ್ಟವಾಗಿ ಬರೆಯಬೇಕು, ಮೂಲ ಮಾದರಿಯನ್ನು ಗೊತ್ತುಪಡಿಸಬೇಕು, ಅದನ್ನು ಎಲ್ಲಿ ಇಡಲಾಗುತ್ತದೆ ಎಂದೂ ತಿಳಿಸಬೇಕು. ನಮ್ಮ 2002ರ ಜೀವವೈವಿಧ್ಯ ಕಾಯ್ದೆಯ 39ನೇ ಕಲಮು ಇನ್ನೂ ಒಂದು ಹೊಣೆ ಹೊರಿಸುತ್ತದೆ: ಹೊಸ ಜೀವಿ ಕಂಡವರು ಗೊತ್ತುಪಡಿಸಿದ ಭಂಡಾರಕ್ಕೆ ತಿಳಿಸಿ ಮಾದರಿಯನ್ನು ಅಲ್ಲಿಗೆ ಒಪ್ಪಿಸಬೇಕು. ಪ್ರಾಣಿಗಳಿಗೆ ಅಂಥ ಮುಖ್ಯ ಭಂಡಾರ 1916ರಲ್ಲಿ ಸ್ಥಾಪನೆಯಾದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ. ಅಭಯಾರಣ್ಯದೊಳಗಾದರೆ 1972ರ ವನ್ಯಜೀವಿ ಕಾಯ್ದೆಯಂತೆ ಅರಣ್ಯ ಇಲಾಖೆಯ ಅನುಮತಿ ಬೇಕು. 2015ರಿಂದ ಕಾಳಿ ಎಂದು ಕರೆಯುವ ಹುಲಿ ಮೀಸಲು, 2007ರಲ್ಲಿ ದಾಂಡೇಲಿ-ಅಣಶಿ ಎಂದು ಘೋಷಿತವಾದದ್ದು, ಜೋಯಿಡಾದ ದೊಡ್ಡ ಭಾಗವನ್ನು ಆವರಿಸಿರುವುದರಿಂದ ಇಲ್ಲಿನ ಕೆಲಸ ಅನುಮತಿ ಪತ್ರದಿಂದಲೇ ಶುರುವಾಗುತ್ತದೆ.

ಈ ನಿಯಮಗಳೆಲ್ಲ ಸರಿಯಾಗಿಯೇ ಇವೆ. ಮಾದರಿ ಸುರಕ್ಷಿತವಾಗಿದ್ದರೆ ಮಾತ್ರ ನೂರು ವರ್ಷದ ನಂತರದವರು ಅದನ್ನು ತೆರೆದು ತಪ್ಪು ತಿದ್ದಬಲ್ಲರು.

ಹೆಸರಿಲ್ಲದ್ದಕ್ಕೆ ಲೆಕ್ಕವೂ ಇಲ್ಲ

101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ಹಿಂದೆ ನೀರು ನಿಂತದ್ದು 1980ರ ದಶಕದಲ್ಲಿ. ಹಳೆಯ ಸೂಪಾ ಪೇಟೆಯೂ ಸುತ್ತಲಿನ ಊರುಗಳೂ ಮುಳುಗಿದವು. ಜನರ ಮನೆ, ಗದ್ದೆಗಳಿಗೆ ಸರ್ವೆ ನಂಬರಿತ್ತು, ಮರಗಳಿಗೆ ಎಣಿಕೆಯಿತ್ತು. ಇಡಿಯಾಪ್ಸ್ ಜೋಯಿಡಾಕ್ಕೆ ಆಗ ಹೆಸರೇ ಇರಲಿಲ್ಲ. ಹೆಸರು ಬಂದದ್ದು ಕಾಲು ಶತಮಾನ ಕಳೆದ ಮೇಲೆ. ಆ ಕಣಿವೆಯ ಧರೆಗಳಲ್ಲಿ ಎಷ್ಟು ಮುಚ್ಚಳಗಳಿದ್ದವು ಎಂದು ಇನ್ನು ಯಾರೂ ಎಣಿಸಲಾರರು.

ಇದು ಹಳೆಯ ಕಥೆ ಎಂದು ಬಿಡುವಂತಿಲ್ಲ. ತಿನೈಘಾಟ್–ಕ್ಯಾಸಲ್‌ರಾಕ್–ಕುಳೆಂ ರೈಲು ಮಾರ್ಗದ ಜೋಡಿ ಹಳಿಗೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ನೀಡಿದ್ದ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದುಪಡಿಸಿತು. ಇಂಥ ವಿಚಾರಣೆಗಳಲ್ಲಿ ಮೇಜಿನ ಮೇಲೆ ಬರುವುದು ಪಟ್ಟಿಗಳು. ಹುಲಿ, ಆನೆ, ಮಂಗಟ್ಟೆ ಪಟ್ಟಿಯಲ್ಲಿ ಮೊದಲಿರುತ್ತವೆ. ಹೆಸರಿಲ್ಲದ ಜೇಡ ಪರಿಸರ ಪರಿಣಾಮ ವರದಿಗೆ ಬರುವುದಿಲ್ಲ, ಐಯುಸಿಎನ್ ಕೆಂಪು ಪಟ್ಟಿಗೂ ಸಾಮಾನ್ಯವಾಗಿ ಹೋಗುವುದಿಲ್ಲ. ಪೊಕಾಕ್ ಹೆಸರಿಟ್ಟಿದ್ದ ಥ್ರಿಗ್ಮೊಪೀಯಸ್ ಇನ್ಸಿಗ್ನಿಸ್ 2008ರಲ್ಲಿ ಆ ಪಟ್ಟಿಯ ‘ಅಪಾಯದ ಅಂಚಿನ’ ಗುಂಪಿಗೆ ಸೇರಿತು. ಅದು ಸಾಧ್ಯವಾದದ್ದು 109 ವರ್ಷ ಹಿಂದೆ ಒಬ್ಬರು ಅದನ್ನು ಅಳೆದು ಬರೆದಿದ್ದರಿಂದ.

ಜೇಡಕ್ಕೆ ಇಷ್ಟೆಲ್ಲ ಏಕೆ ಎನ್ನುವವರಿಗೂ ಒಂದು ಅಂಕಿ ಇದೆ. ನೈಫೆಲರ್ ಮತ್ತು ಬಿರ್ಕ್‌ಹೋಫರ್ 2017ರಲ್ಲಿ ಹಾಕಿದ ಅಂದಾಜಿನಂತೆ ಜಗತ್ತಿನ ಜೇಡಗಳು ವರ್ಷಕ್ಕೆ 40ರಿಂದ 80 ಕೋಟಿ ಟನ್ ಬೇಟೆಯನ್ನು ತಿನ್ನುತ್ತವೆ. ಅದರಲ್ಲಿ ಬಹುಪಾಲು ಕೀಟಗಳೇ.

ಆದ್ದರಿಂದ ಮೂರು ಕೆಲಸಗಳು ತುರ್ತಾಗಿ ಆಗಬೇಕು. ಘಟ್ಟದಲ್ಲಿ ಮಣ್ಣು ಅಗೆಯುವ ಪ್ರತಿ ದೊಡ್ಡ ಯೋಜನೆಯ ಅಂದಾಜು ಪಟ್ಟಿಯಲ್ಲೇ ಬೆನ್ನೆಲುಬಿಲ್ಲದ ಜೀವಿಗಳ ಸಮೀಕ್ಷೆಗೆ ಒಂದು ಬಾಬ್ತು ಇರಬೇಕು. ಆ ಸಮೀಕ್ಷೆಯಲ್ಲಿ ಒಂದು ಪೂರ್ತಿ ಮಳೆಗಾಲವಾದರೂ ಸೇರಿರಬೇಕು, ಸಿಕ್ಕ ಮಾದರಿ ಭಂಡಾರಕ್ಕೆ ಹೋಗಬೇಕು. ಎರಡನೆಯದಾಗಿ, ಗ್ರಾಮ ಪಂಚಾಯಿತಿಗಳ ಜೀವವೈವಿಧ್ಯ ದಾಖಲಾತಿಯಲ್ಲಿ ಮರ, ಮದ್ದು, ಗೆಡ್ಡೆಗಳ ಜೊತೆ ಧರೆಯ ಬಿಲಗಳಿಗೂ ಒಂದು ಪುಟ ತೆರೆಯಬೇಕು. ಎಲ್ಲಿ, ಎಷ್ಟು ಎಂದು ಬರೆದಿಡಲು ಸೂಕ್ಷ್ಮದರ್ಶಕ ಬೇಡ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ದಾಂಡೇಲಿ, ಹಳಿಯಾಳ, ಕಾರವಾರದ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಓದುವ ಮಕ್ಕಳಲ್ಲಿ ಒಬ್ಬರಿಗಾದರೂ ಈ ಕೆಲಸವನ್ನೇ ಜೀವನಪೂರ್ತಿ ಮಾಡುವಂಥ ಕಾಯಂ ಹುದ್ದೆ ಸಿಗಬೇಕು. ಬ್ರೆಜಿಲ್ಲಿನ ದುಬಾರಿ ದರದಲ್ಲಿ ಲೆಕ್ಕ ಹಾಕಿದರೂ 30 ವರ್ಷಕ್ಕೆ ಹಂಚಿದಾಗ ಅದು ವರ್ಷಕ್ಕೆ ಸುಮಾರು 34 ಲಕ್ಷ ರೂಪಾಯಿ. ಅಷ್ಟಕ್ಕೆ ಸುಮಾರು 25 ಜೀವಿಗಳು ಹೆಸರು ಪಡೆದು, ಕಾನೂನಿನ ಮುಂದೆ ನಿಲ್ಲುವ ಅರ್ಹತೆ ಗಳಿಸುತ್ತವೆ. ರಾಜ್ಯಕ್ಕೆ ಬೆಳಕು ಕೊಡುವ ಕಾಳಿ ಕಣಿವೆಗೆ ಇಷ್ಟನ್ನು ಕೊಡುವುದು ಉಪಕಾರವಲ್ಲ, ಬಾಕಿ ತೀರಿಸುವುದು.